ಹದ್ದಿನಬಂಡೆಯ ಚಿನ್ನ

ಏಜೆಂಟ್ ಚೆಲುವಯ್ಯ ತಂತಿಮನೆಯ ಜಗಲಿಗೆ ಬಂದು ಕೂತ ಹೊತ್ತಿಗೆ ಕೆಂಚಮ್ಮ ಒಳಗೆ ಮುದ್ದೆ ತಿರುವುತ್ತಿದ್ದಳು. ‘ಬನ್ನಿ ಬುದ್ಧಿ, ಮೇಲೆ ಬನ್ನಿ’ ಎಂದು ಗಂಡನ ಅಣ್ಣ, ಭಾವ ಮರಿಯಪ್ಪ ಕರೆದದ್ದು ಕೇಳಿಸಿತು. ಮರಿಯಪ್ಪ ಯಾರ ಜೊತೆಗೂ ಅಷ್ಟು ಮೆತ್ತಗೆ ಮಾತಾಡುವವನಲ್ಲ. ಬಂದವನು ಯಾರಿರಬಹುದೆಂದು ಅವಳು ಕಿವಿಗೊಟ್ಟಳು.

ಬಂದವನು ಮಾಗಡಿಯವನು. ಕಾನಕಾನಹಳ್ಳಿಯ ಆಚೆ ಹದ್ದಿನಬಂಡೆ ಎಂಬ ಗುಡ್ಡದಲ್ಲಿ ಚಿನ್ನದ ಕಲ್ಲು ಸಿಕ್ಕಿದೆಯಂತೆ. ಗಣಿ ತೋಡಲು ಹೊಸ ಕಂಪನಿಯೊಂದು ಏಳುತ್ತಿದೆಯಂತೆ. ಕಲ್ಲಿನಲ್ಲಿ ಚಿನ್ನ ಎಷ್ಟಿದೆಯೆಂದು ಪರೀಕ್ಷೆ ಮಾಡಿ ವರದಿ ಬರೆದುಕೊಡಲು ಮುನಿಶಾಮಯ್ಯನೇ ಆಗಬೇಕೆಂದು ಕಂಪನಿಯ ದೊರೆ ಹೇಳಿ ಕಳಿಸಿದ್ದಾನಂತೆ. ದೊರೆಯ ಹೆಸರು ಕ್ರಾಲಿ.

ಆ ಹೆಸರು ಕೇಳಿದ್ದೇ ಕೆಂಚಮ್ಮ ಮುದ್ದೆಕೋಲನ್ನು ಗಡಿಗೆಯಲ್ಲೇ ಬಿಟ್ಟು ಬಂದು ಬಾಗಿಲಲ್ಲಿ ನಿಂತಳು. ಅವಳ ಗಂಡ ಮುನಿಶಾಮಯ್ಯ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಅವನ ಮುಖದಲ್ಲಿ ಸಿಟ್ಟು ಕಾಣುತ್ತದೆಂದು ಅವಳು ತಿಳಿದಿದ್ದಳು. ಸಿಟ್ಟು ಇರಲಿಲ್ಲ. ಬಹಳ ದಿನ ಮರೆತಿದ್ದ ಏನನ್ನೋ ಯಾರೋ ನೆನಪಿಸಿದಂತೆ ಅವನು ಏಜೆಂಟನ ಬಾಯಿ ನೋಡುತ್ತಿದ್ದ.

ತಂತಿಮನೆಯೆಂದರೆ ವೀಣೆ ತಂಬೂರಿಗಳಿಗೆ ಉಕ್ಕಿನ ತಂತಿ ಎಳೆಯುವ ಮನೆ. ಚನ್ನಪಟ್ಟಣದಲ್ಲಿ ಎಲ್ಲರಿಗೂ ಗೊತ್ತಿದ್ದ ಮನೆ. ಮುನಿಶಾಮಯ್ಯ ಎಳೆಯ ವಯಸ್ಸಿನಲ್ಲೇ ಕುಲುಮೆಯ ಬೆಂಕಿಯ ಬಣ್ಣ ನೋಡಿ ಉಕ್ಕು ಹದಕ್ಕೆ ಬಂತೋ ಇಲ್ಲವೋ ಹೇಳಿಬಿಡುತ್ತಿದ್ದ. ಹತ್ತೊಂಬತ್ತು ತುಂಬಿದಾಗ ಕೋಲಾರದ ಚಿನ್ನದ ಗಣಿಗೆ ಹೋಗಿ, ಕಲ್ಲು ಪರೀಕ್ಷೆಯ ಕೋಣೆಗೆ ಇದ್ದಿಲು ಹೊರುವ ಕೆಲಸಕ್ಕೆ ಸೇರಿದ. ಕಲ್ಲನ್ನು ಪುಡಿಮಾಡಿ ಸೀಸದ ಜೊತೆ ಮೂಸೆಯಲ್ಲಿ ಕರಗಿಸಬೇಕು. ಆ ಸೀಸದ ಗಟ್ಟಿಯನ್ನು ಮೂಳೆಬೂದಿಯ ಬಟ್ಟಲಲ್ಲಿಟ್ಟು ಮತ್ತೆ ಕಾಯಿಸಿದರೆ ಸೀಸವನ್ನೆಲ್ಲ ಬೂದಿ ಹೀರಿಕೊಂಡು ತಳದಲ್ಲಿ ಸಾಸಿವೆಗಿಂತ ಸಣ್ಣ ಚಿನ್ನದ ಮಣಿ ಉಳಿಯುತ್ತದೆ. ಅದನ್ನು ತೂಗಿ, ಒಂದು ಟನ್ ಕಲ್ಲಿಗೆ ಎಷ್ಟು ಚಿನ್ನವೆಂದು ಹೇಳುವುದು ಆ ಕೋಣೆಯ ಕೆಲಸ. ಐದು ವರ್ಷದಲ್ಲಿ ಇದ್ದಿಲು ಹೊರುತ್ತಿದ್ದವನೇ ಆ ಕೆಲಸವನ್ನೆಲ್ಲ ಮಾಡತೊಡಗಿದ. ದೊರೆಗಳು ಸಹಿ ಹಾಕುತ್ತಿದ್ದರು. ಸಂಬಳದ ಪಟ್ಟಿಯಲ್ಲಿ ಮಾತ್ರ ಅವನು ಕೊನೆಯವರೆಗೂ ‘ಸ್ಯಾಮ್, ಕೂಲಿ’.

ಗಣಿಯಲ್ಲಿ ಅರೆದ ಕಲ್ಲಿನ ನುಣ್ಣನೆಯ ಕೆಸರಿನಲ್ಲಿ ಬಹಳ ಚಿನ್ನ ಉಳಿದು ವ್ಯರ್ಥವಾಗುತ್ತಿತ್ತು. ಚಿನ್ನ ಬಿಡಿಸುವ ಸಯನೈಡ್ ನೀರು, ಆಳುಗಳ ಬಾಯಲ್ಲಿ ವಿಷದ ನೀರು, ಆ ಕೆಸರಿನೊಳಕ್ಕೆ ಇಳಿಯುತ್ತಿರಲಿಲ್ಲ. ಎಷ್ಟು ಸುಣ್ಣ ಬೆರೆಸಿದರೆ ಕೆಸರು ಹದಕ್ಕೆ ಬರುತ್ತದೆಂದು ಮುನಿಶಾಮಯ್ಯ ಎರಡು ವರ್ಷ ಮನೆಯ ಗಡಿಗೆಗಳಲ್ಲಿ ಕಲಸಿ ಕಲಸಿ ಕಂಡುಹಿಡಿದ. ಅವನು ಬರೆದುಕೊಟ್ಟದ್ದನ್ನು ಅವನ ಮೇಲಿದ್ದ ಕ್ರಾಲಿ ಲಂಡನ್ನಿಗೆ ಕಳಿಸಿ, ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿ, ಪದಕ ಪಡೆದ. ಮುನಿಶಾಮಯ್ಯನಿಗೆ ತಾನು ಹಾಕಿ ಬಿಟ್ಟ ಕೋಟು ಕೊಟ್ಟ.

ಆಮೇಲೆ ವಹಾಬ್ ಸತ್ತ. ಅವನೂ ಚನ್ನಪಟ್ಟಣದವನೇ, ಬೊಂಬೆ ಕಡೆಯುವವರ ಮನೆಯವನು. ವಿಷದ ನೀರಿನ ತೊಟ್ಟಿಯ ಮೇಲೆ ಕೆಲಸ ಮಾಡುತ್ತಿದ್ದ. ಕುಡಿದು ತೊಟ್ಟಿಗೆ ಬಿದ್ದನೆಂದು ಗಣಿಯವರು ಬರೆದರು. ಹೆಂಡದ ವಾಸನೆ ಕಂಡರೆ ದೂರ ಹೋಗುತ್ತಿದ್ದ ಮನುಷ್ಯ. ತೊಟ್ಟಿಯ ಮೇಲಿನ ಹಲಗೆ ಕೊಳೆತಿದೆಯೆಂದು ಮುನಿಶಾಮಯ್ಯ ಪುಸ್ತಕದಲ್ಲಿ ಮೂರು ಸಲ ಬರೆದಿಟ್ಟಿದ್ದ. ಆ ಹಾಳೆಗಳನ್ನು ಕ್ರಾಲಿ ಹರಿದುಹಾಕಿದ. ಮುನಿಶಾಮಯ್ಯ ವಿಚಾರಣೆಯಲ್ಲಿ ಇದ್ದದ್ದನ್ನು ಇದ್ದಹಾಗೆ ಹೇಳಿದ. ವಾರ ಕಳೆಯುವುದರೊಳಗೆ ಅವನ ಮನೆಯ ಸುಣ್ಣದ ಡಬ್ಬಿಯಲ್ಲಿ ಚಿನ್ನದ ಮಣಿಯೊಂದು ಸಿಕ್ಕಿತು. ಮೊಕದ್ದಮೆ ಹಾಕಲಿಲ್ಲ. ಹಾಕಿದರೆ ಸಾಕ್ಷಿ ತರಬೇಕಲ್ಲ. ಕಳ್ಳನೆಂದು ಹೇಳಿ ಕೆಲಸದಿಂದ ತೆಗೆದರು. ಇಪ್ಪತ್ತೆರಡು ವರ್ಷದ ದುಡಿಮೆಗೆ ಮಂಜಾದ ಕಣ್ಣು, ಗೊರಗೊರ ಎನ್ನುವ ಎದೆ ಹೊತ್ತುಕೊಂಡು ಅವನು ಹೆಂಡತಿಯ ಜೊತೆ ಊರಿಗೆ ಬಂದು ಎರಡು ವರ್ಷವಾಗಿತ್ತು.

ಇಷ್ಟೆಲ್ಲ ಮಾಡಿದವನು ಈಗ ಜಗಲಿಗೆ ಆಳು ಕಳಿಸಿದ್ದಾನೆ.

ಮಧ್ಯಾಹ್ನದ ಊಟಕ್ಕೆ ಕೂತಾಗ ಕೆಂಚಮ್ಮ ಬಾಯಿ ತೆಗೆದಳು. ಅವನ ಕೆಲಸ ನಿಮಗೆ ಬೇಡ ಎಂದಳು. ಮುನಿಶಾಮಯ್ಯ ಮುದ್ದೆ ಮುರಿಯುತ್ತಿದ್ದ. ಉತ್ತರ ಕೊಟ್ಟವನು ಮರಿಯಪ್ಪ. ಅವನ ಹೆಂಡತಿ ತೀರಿಕೊಂಡು ಹತ್ತು ವರ್ಷ. ಮನೆಯ ವ್ಯವಹಾರವೆಲ್ಲ ಅವನದೇ.

‘ನೋಡವ್ವ ಕೆಂಚಮ್ಮ, ಕಳ್ಳ ಅಂತ ಕಳಿಸ್ದೋನೇ ಈಗ ಬಾಪ್ಪ ಅಂತ ಕರೀತಾವ್ನೆ. ಇದಕ್ಕಿಂತ ಇನ್ನೇನು ಬೇಕು? ಪೇಪರ್‌ನಲ್ಲಿ ಇವನ ಹೆಸರು ಬಂದ್ರೆ ಊರೋರ ಬಾಯಿ ತಂತಾನೆ ಮುಚ್ಕೊತದೆ.’

‘ಕಳ್ಳ ಅಂದದ್ದು ತಪ್ಪಾಯ್ತು ಅಂತ ಬರ್ಕೊಟ್ನಾ ಭಾವ?’

‘ದೊರೆಗಳು ಹಂಗೆಲ್ಲ ಬರ್ಕೊಡಾಕಿಲ್ಲ.’

ಅತ್ತೆ ಬೋರಮ್ಮ ಗೋಡೆಯ ಪಕ್ಕ ಕೂತು ಉಣ್ಣುತ್ತಿದ್ದಳು. ನೀರು ಸೇದುವ ಬಾವಿಯ ಹತ್ತಿರ ಹೆಂಗಸರು ತನ್ನ ಮಗನ ವಿಷಯ ಎತ್ತಿದಾಗಲೆಲ್ಲ ಆ ಮುದುಕಿ ಕೊಡ ಅರ್ಧಕ್ಕೇ ಹೊತ್ತುಕೊಂಡು ಬಂದುಬಿಡುತ್ತಿದ್ದಳು. ಅವಳು ಸೊಸೆಯ ಕಡೆ ನೋಡದೆ, ‘ನನ್ನ ಮಗ ಕಳ್ಳ ಅಲ್ಲ ಅಂತ ಯಾರಾನಾ ಒಬ್ರು ಬರೀಲಿ ಕಣವ್ವ. ಅವನೇ ಬರುದ್ರೂ ಸೈ’ ಎಂದಳು.

ಕೊನೆಗೆ ಮುನಿಶಾಮಯ್ಯ ತಟ್ಟೆಯಿಂದ ತಲೆಯೆತ್ತಿ, ಕಲ್ಲು ಯಾರದಾದರೇನು, ಇದ್ದರೆ ಇದೆ ಎನ್ನುತ್ತೇನೆ, ಇಲ್ಲದಿದ್ದರೆ ಇಲ್ಲ ಎನ್ನುತ್ತೇನೆ, ಅದರಲ್ಲಿ ತಪ್ಪೇನು ಎಂದ. ಕೆಂಚಮ್ಮನ ಸಿಟ್ಟು ಇಳಿಯಲಿಲ್ಲ. ಅದನ್ನು ಪಾತ್ರೆಗಳ ಮೇಲೆ ತೀರಿಸಿಕೊಂಡಳು.

ಮುಂದಿನ ವಾರ ಮೊಹರು ಹಾಕಿದ ಎರಡು ಚೀಲ ಕಲ್ಲು ಬಂತು. ಮರಿಯಪ್ಪನ ಕುಲುಮೆಯಲ್ಲೇ ಆಳುಗಳು ಅದನ್ನು ಸುತ್ತಿಗೆಯಿಂದ ಒಡೆದು ಪುಡಿಮಾಡಿದರು. ಹಿತ್ತಲಲ್ಲಿ ಮುನಿಶಾಮಯ್ಯ ಸಣ್ಣ ಒಲೆ ಕಟ್ಟಿದ. ಮೂಸೆ ಇಳಿಸುವುದು, ಬೂದಿಬಟ್ಟಲು ಒತ್ತುವುದು, ತೂಕದ ಕಲ್ಲು ಜೋಡಿಸುವುದು ಎಲ್ಲವನ್ನೂ ಕೆಂಚಮ್ಮನೇ ಮಾಡಬೇಕಾಯಿತು, ಯಾಕೆಂದರೆ ಅವನ ಕಣ್ಣಿಗೆ ಮಣಿ ಕಾಣುತ್ತಿರಲಿಲ್ಲ. ಬೆಂಕಿಯ ಬಣ್ಣವನ್ನು ಅವಳು ಹೇಳುತ್ತಿದ್ದಳು, ಅವನು ‘ಇನ್ನೊಸಿ ಊದು’ ‘ಸಾಕು’ ಎನ್ನುತ್ತಿದ್ದ. ಬಹಳ ದಿನದ ಮೇಲೆ ಅವನು ಕೆಮ್ಮದೆ ಇಡೀ ಮಧ್ಯಾಹ್ನ ಕೂತಿದ್ದ. ಅವನನ್ನು ಹಾಗೆ ನೋಡಿ ಅವಳ ಸಿಟ್ಟೂ ಒಂದಿಷ್ಟು ಇಳಿದದ್ದು ನಿಜ.

ಬಟ್ಟಲು ಆರಿದಾಗ ತಳದಲ್ಲಿ ಮಣಿ ಇತ್ತು. ಚಿಕ್ಕದೇನಲ್ಲ. ಕೋಲಾರದ ಒಳ್ಳೆಯ ಕಲ್ಲಿಗೆ ಸರಿಗಟ್ಟುವ ಮಣಿ. ಮುನಿಶಾಮಯ್ಯ ಇನ್ನೆರಡು ಸಲ ಮಾಡಿ ನೋಡಿದ. ಮೂರು ಸಲವೂ ಇತ್ತು. ಅವನು ವರದಿ ಬರೆದು, ಕೆಳಗೆ ತನ್ನ ಹೆಸರನ್ನು ಪೂರ್ತಿಯಾಗಿ, ತಂದೆಯ ಹೆಸರೂ ಊರಿನ ಹೆಸರೂ ಸೇರಿಸಿ ಬರೆದು ಸಹಿ ಹಾಕಿದ.

ಹದಿನೈದು ದಿನಕ್ಕೆ ಬೆಂಗಳೂರಿನಲ್ಲಿ ಅಚ್ಚಾದ ಕಾಗದ ಬಂತು. ಮೇಲೆ ಕಂಪನಿಯ ಹೆಸರು, ಕೆಳಗೆ ದಪ್ಪಕ್ಷರದಲ್ಲಿ ‘ಲೋಹಪರೀಕ್ಷಕರು, ಶ್ರೀ ಮುನಿಶಾಮಯ್ಯನವರು’. ಬೋರಮ್ಮ ಓದಲು ಬಾರದಿದ್ದರೂ ಆ ಸಾಲನ್ನು ತೋರಿಸಿಕೊಂಡು ಬೆರಳಿಟ್ಟು ಮುಟ್ಟಿ ನೋಡಿದಳು. ಆ ದಿನ ಮನೆಯಲ್ಲಿ ಒಬ್ಬಟ್ಟು ಮಾಡಿಸಿದಳು. ಮರಿಯಪ್ಪನಿಗೆ ಕಂಪನಿಯ ಏಜೆಂಟಗಿರಿ ಸಿಕ್ಕಿತು. ಕುಲುಮೆಯನ್ನು ಆಳುಗಳಿಗೆ ಬಿಟ್ಟು, ಅವನು ಆ ಕಾಗದ ಹಿಡಿದು ಹೊಂಗನೂರು, ದೊಡ್ಡಮಳೂರು ಎಂದು ಷೇರು ಮಾರಲು ತಿರುಗತೊಡಗಿದ. ಹೊಂಗನೂರು ಬೋರಮ್ಮನ ತವರು. ಅಲ್ಲಿ ಎಲ್ಲರೂ ನಂಟರೇ.

ಒಂದು ಬೆಳಿಗ್ಗೆ ವಹಾಬನ ಹೆಂಡತಿ ಖತೀಜಾ ಬಂದಳು. ಮಗಳ ಮದುವೆಗೆಂದು ಬೊಂಬೆಗಳಿಗೆ ಅರಗಿನ ಬಣ್ಣ ಹಾಕಿ ಕೂಡಿಟ್ಟ ದುಡ್ಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಷೇರು ಬೇಕೆಂದಳು. ಕೆಂಚಮ್ಮ ಅವಳ ಕೈ ಹಿಡಿದು ಒಳಗೆ ಕರೆದು ಕೂರಿಸಿಕೊಂಡಳು.

‘ಯಾರ ಕಂಪನಿ ಅಂತ ಗೊತ್ತೇನವ್ವ ನಿಂಗೆ? ನಿನ್ನ ಗಂಡನ್ನ ಕುಡುಕ ಅಂತ ಬರೆಸಿದೋನು ಅವನು.’

‘ಗೊತ್ತಕ್ಕಾ’ ಎಂದಳು ಖತೀಜಾ. ‘ದೊರೆ ಮೇಲೆ ನಂಬ್ಕೆ ಇಟ್ಟು ಬಂದಿಲ್ಲ. ಮುನಿಶಾಮಣ್ಣ ಸಹಿ ಹಾಕವ್ರಲ್ಲ. ಅವ್ರು ಒಂದ್ಸಲ ಸುಳ್ಳು ಹೇಳಿದ್ರೆ ಇವತ್ತು ಅಲ್ಲೇ ಕೆಲಸದಾಗೆ ಇರ್ತಿದ್ರು.’

ಮರಿಯಪ್ಪ ಅವಳ ಗಂಟನ್ನು ತೆಗೆದುಕೊಂಡು ರಸೀದಿ ಕೊಟ್ಟ.

ಸಂಕ್ರಾಂತಿ ಕಳೆದ ಮೇಲೆ ಮರಿಯಪ್ಪ ಇನ್ನೊಂದು ಚೀಲ ತಂದ. ಎರಡನೆಯ ವರದಿ ಬೇಗ ಬೇಕೆಂದು ಚೆಲುವಯ್ಯ ಹೇಳಿಕಳಿಸಿದ್ದ. ಮರುದಿನ ಮರಿಯಪ್ಪ ದೊಡ್ಡಮಳೂರಿಗೆ ಹೋಗಿದ್ದ, ಹಬ್ಬಕ್ಕೆ ಹೋದ ಆಳುಗಳು ಇನ್ನೂ ಬಂದಿರಲಿಲ್ಲ, ಕುಲುಮೆಗೆ ಬೀಗ. ಕಲ್ಲನ್ನು ಮನೆಯ ಒರಳಿನಲ್ಲೇ ಕುಟ್ಟಬೇಕಾಯಿತು. ಮೆಣಸಿನಕಾಯಿ ಕುಟ್ಟಿ ತಿನ್ನುವ ಒರಳು. ಗುಡ್ಡದ ಮಣ್ಣು ಅಂಟಿದ ಕಲ್ಲನ್ನು ಅದರೊಳಕ್ಕೆ ಹಾಗೇ ಹಾಕಲು ಕೆಂಚಮ್ಮನಿಗೆ ಮನಸ್ಸಾಗಲಿಲ್ಲ. ಕರಿಯ ಮಣ್ಣಿನ ಬಾನಿಯಲ್ಲಿ ಬಿಸಿನೀರು ಹಾಕಿ, ತೆಂಗಿನ ನಾರಿನಿಂದ ಒಂದೊಂದನ್ನೂ ಗಸಗಸ ಉಜ್ಜಿ ತೊಳೆದಳು. ಕಲ್ಲು ಒಂದು ಥರ ಜಿಗುಟಾಗಿತ್ತು. ನೀರನ್ನು ಆಮೇಲೆ ಸೊಪ್ಪಿನ ಮಡಿಗೆ ಚೆಲ್ಲಿದರಾಯಿತೆಂದು ಪಕ್ಕಕ್ಕಿಟ್ಟಳು.

ಆ ಮಧ್ಯಾಹ್ನ ಬೂದಿಬಟ್ಟಲು ಆರಿದಾಗ ತಳದಲ್ಲಿ ಏನೂ ಇರಲಿಲ್ಲ. ಇನ್ನೊಂದು ಸಲ ಮಾಡಿದರು. ಇಲ್ಲ. ಮುನಿಶಾಮಯ್ಯ ತನ್ನ ಕೈಯೇ ತಪ್ಪಿರಬೇಕೆಂದುಕೊಂಡ. ಸೀಸ ಹೆಚ್ಚಾಯಿತೇ, ಬೆಂಕಿ ಕಡಿಮೆಯಾಯಿತೇ ಎಂದು ಅವಳನ್ನು ಮತ್ತೆ ಮತ್ತೆ ಕೇಳಿದ. ಅವಳಿಗೂ ತಿಳಿಯಲಿಲ್ಲ. ಬೇಸರದಿಂದ ಎದ್ದು, ಬಾನಿಯ ನೀರು ಚೆಲ್ಲಲು ಹಿತ್ತಲಿಗೆ ಹೋಗಿ ಅದನ್ನು ಓರೆ ಮಾಡಿದಳು. ನೀರು ಹೋಗಿ ತಳ ಕಂಡಿತು. ಕರಿಯ ಮಣ್ಣಿನ ಮೇಲೆ ಹಳದಿ ಪುಡಿ, ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

ಅವಳು ಕರೆಯಲಿಲ್ಲ. ಬಾನಿಯನ್ನೇ ಎತ್ತಿಕೊಂಡು ಬಂದು ಅವನ ಮುಂದೆ ಇಟ್ಟಳು. ಅವನು ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿ ಬಹಳ ಹೊತ್ತು ನೋಡಿದ.

‘ಅರ ಹಾಕಿದ ಗುರುತೈತೆ’ ಎಂದ. ‘ಒಡವೆ ಚಿನ್ನ. ಅರದಲ್ಲಿ ತೇಯ್ದು, ಗೋಂದಿನ ನೀರಿನಾಗೆ ಕಲಸಿ ಕಲ್ಲಿಗೆ ಬಳ್ದವ್ರೆ. ಕಲ್ಲೊಳಗೆ ಚಿನ್ನಿಲ್ಲ ಕೆಂಚಮ್ಮ. ಮೇಲೆ ಮಾತ್ರ.’

ಮೊದಲ ಎರಡು ಚೀಲವನ್ನು ತೊಳೆಯದೆ ಪುಡಿಮಾಡಿದ್ದರಿಂದ ಮೇಲಿನ ಚಿನ್ನವೂ ಸೇರಿ ಮಣಿ ಬಂದಿತ್ತು. ದೊರೆಯ ಮೊಹರು ನೋಡಿ ಅವನು ಕಲ್ಲನ್ನೇ ನೋಡಿರಲಿಲ್ಲ. ಹೊಸದಾಗಿ ಸೇರಿದ ಹುಡುಗರಿಗೆ ತಾನೇ ಮೊದಲು ಕಲಿಸುತ್ತಿದ್ದ ಪಾಠ ಇದು ಎಂದು ಹೇಳಿ ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಮೂರು ದಿನ ಅವನು ಸರಿಯಾಗಿ ಉಣ್ಣಲಿಲ್ಲ, ಜಗಲಿಗೂ ಹೋಗಲಿಲ್ಲ. ತಪ್ಪಾಯಿತೆಂದು ಕಾಗದ ಬರೆದುಬಿಡಿ ಎಂದು ಕೆಂಚಮ್ಮ ಹೇಳಿದರೆ, ಬರೆಯೋಣ, ಬರೆಯೋಣ ಎನ್ನುತ್ತಿದ್ದ. ಮೂರನೆಯ ದಿನ ಅವಳು ಅನ್ನದ ತಟ್ಟೆಯನ್ನು ಅವನ ಮುಂದಿಟ್ಟು ಎದುರಿಗೆ ಕೂತಳು.

‘ನಿಮ್ಗೆ ನಾಚ್ಕೆ ಆಯ್ತಾ ಐತೆ. ನಂಗೂ ಗೊತ್ತು. ಇಪ್ಪತ್ತೆರಡು ವರ್ಷ ನೀವು ನಿಜ ಬರುದ್ರೆ ಅವ್ರು ನಿಮ್ಮ ಹೆಸರು ಅಳಿಸಿದ್ರು. ಈಗ ಸುಳ್ಳಿಗೆ ದಪ್ಪಕ್ಷರದಾಗೆ ಹಾಕವ್ರೆ. ಆ ಅಕ್ಷರ ನೋಡ್ಕೊಂಡು ಖತೀಜಾ ಗಂಟು ಬಿಚ್ಚಿ ಕೊಟ್ಟೋದ್ಲು. ನೀವು ಸುಮ್ಕಿದ್ರೆ ಅವನಿಗೂ ನಿಮ್ಗೂ ಏನು ಯತ್ವಾಸ?’

ಅವನು ತಟ್ಟೆ ಹತ್ತಿರ ಎಳೆದುಕೊಂಡು ಉಂಡ. ಉಂಡು ಕೈತೊಳೆದು, ಅಣ್ಣನನ್ನು ಕರೆಯೆಂದ.

ವರದಿ ತಪ್ಪು, ಷೇರು ಮಾರುವುದು ನಿಲ್ಲಿಸು ಎಂದು ತಮ್ಮ ಹೇಳಿದ್ದಕ್ಕೆ ಮರಿಯಪ್ಪ ಮೊದಲು ನಕ್ಕ, ಆಮೇಲೆ ರೇಗಿದ. ಭಾನುವಾರ ಹೊಂಗನೂರಿನಲ್ಲಿ ಕೂಟವಿದೆ, ಚೆಲುವಯ್ಯ ಬರುತ್ತಾನೆ, ಅರ್ಧ ಊರು ಷೇರು ತಗೊಳ್ಳಲು ಕಾದಿದೆ ಎಂದ. ತಾನು ಕೈಯಾರೆ ರಸೀದಿ ಕೊಟ್ಟ ನಂಟರ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ ಎಂದ. ಬೋರಮ್ಮ ಇಬ್ಬರು ಮಕ್ಕಳ ನಡುವೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಬಾನಿಯಲ್ಲಿ ಸಿಕ್ಕ ಪುಡಿಯನ್ನು ಕೆಂಚಮ್ಮ ಕಾಗದದ ಮೇಲೆ ಹಾಕಿ ತೋರಿಸಿದಳು. ಕಲ್ಲಿನ ಮೇಲಿತ್ತು, ತೊಳೆದರೆ ಬಂತು ಎಂದಳು. ಅಷ್ಟೇ ಹೇಳಿದಳು.

‘ಕಲ್ಲು ಉದುರಬಾರ್ದು ಅಂತ ಗೋಂದು ಬಳೀತಾರೆ ಕಣವ್ವ’ ಎಂದ ಮರಿಯಪ್ಪ. ‘ಅದ್ರಾಗೆ ಏನೋ ಒಸಿ ಧೂಳು ಕೂತಿರ್ತದೆ. ಅದ್ಕೆ ಇಷ್ಟು ರಂಪನಾ?’

ಕೆಂಚಮ್ಮ ಅವನ ಮುಖ ನೋಡಿದಳು. ಗೋಂದಿನ ವಿಷಯವನ್ನು ಅವಳೂ ಎತ್ತಿರಲಿಲ್ಲ, ಮುನಿಶಾಮಯ್ಯನೂ ಎತ್ತಿರಲಿಲ್ಲ. ಭಾವನಿಗೆ ಹೇಗೆ ಗೊತ್ತಾಯಿತು? ಕೇಳಬೇಕೆಂದು ಬಾಯಿಗೆ ಬಂದದ್ದನ್ನು, ಅತ್ತೆ ಅಲ್ಲೇ ಇದ್ದದ್ದರಿಂದ ನುಂಗಿಕೊಂಡಳು. ಅಂದಿನಿಂದ ಮರಿಯಪ್ಪ ಮನೆಗೆ ಊಟಕ್ಕೆ ಬರಲಿಲ್ಲ. ಕುಲುಮೆಯಲ್ಲೇ ಮೂರು ಕಲ್ಲು ಹೂಡಿ ಅನ್ನ ಬೇಯಿಸಿಕೊಳ್ಳತೊಡಗಿದ.

ಭಾನುವಾರ ಗಂಡ ಹೆಂಡತಿ ಖತೀಜಾಳನ್ನೂ ಕರೆದುಕೊಂಡು ಬಾಡಿಗೆ ಗಾಡಿಯಲ್ಲಿ ಹೊಂಗನೂರಿಗೆ ಹೋದರು. ಅರಳಿಕಟ್ಟೆಯ ಸುತ್ತ ಜನ ಕೂತಿದ್ದರು. ಕಟ್ಟೆಯ ಮೇಲೆ ಚೆಲುವಯ್ಯ ಹದ್ದಿನಬಂಡೆಯ ಕಲ್ಲುಗಳನ್ನು ತಟ್ಟೆಯಲ್ಲಿ ಸಾಲಾಗಿ ಇಟ್ಟುಕೊಂಡಿದ್ದ. ಮುನಿಶಾಮಯ್ಯ ಕೈಮುಗಿದು ನಿಂತು, ತಾನು ಮೋಸಹೋದೆನೆಂದೂ, ಮೊದಲ ವರದಿ ತಪ್ಪೆಂದೂ, ಯಾರೂ ಷೇರು ಕೊಳ್ಳಬಾರದೆಂದೂ ಹೇಳಿದ. ಹೇಳುವಾಗ ಎರಡು ಸಲ ಕೆಮ್ಮಿದ, ಆದರೆ ಪೂರ್ತಿ ಹೇಳಿದ.

ಚೆಲುವಯ್ಯ ನಿಧಾನವಾಗಿ ಎದ್ದುನಿಂತ. ಇಷ್ಟು ದಿನ ಹೇಳಬಾರದೆಂದಿದ್ದೆ, ಈಗ ಹೇಳದೆ ವಿಧಿಯಿಲ್ಲ ಎಂದ. ಈ ಮನುಷ್ಯ ಕೋಲಾರದಲ್ಲಿ ಚಿನ್ನ ಕದ್ದು ಸಿಕ್ಕಿಬಿದ್ದವನು. ಈಗ ಕಂಪನಿಯ ಹತ್ತಿರ ಇನ್ನಷ್ಟು ದುಡ್ಡು ಕೀಳಲು ಹೀಗೆ ಆಡುತ್ತಿದ್ದಾನೆ. ಕಳ್ಳನ ಮಾತು ನಂಬುತ್ತೀರೋ ಎಂದ. ಜನ ಒಬ್ಬರನ್ನೊಬ್ಬರು ನೋಡಿದರು. ಹಿಂದಿನಿಂದ ಯಾರೋ, ‘ಹೌದು, ನಾವೂ ಕೇಳಿದ್ದೋ’ ಎಂದರು. ಮರಿಯಪ್ಪ ಕಟ್ಟೆಯ ಅಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ತಮ್ಮನ ಪರವಾಗಿ ಒಂದು ಮಾತೂ ಆಡಲಿಲ್ಲ.

ಕೆಂಚಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಇದೆ ಎಂದಾಗ ಶ್ರೀ ಮುನಿಶಾಮಯ್ಯನವರು, ಇಲ್ಲ ಎಂದಾಗ ಕಳ್ಳ. ಅವಳು ಹೆಂಗಸರ ಗುಂಪಿನಿಂದ ಎದ್ದು, ಗಂಡಸರನ್ನು ದಾಟಿಕೊಂಡು ಹೋಗಿ ಆ ಕಲ್ಲಿನ ತಟ್ಟೆಯನ್ನೇ ಎತ್ತಿಕೊಂಡಳು. ಚೆಲುವಯ್ಯ ತಡೆಯಲು ಕೈ ಚಾಚಿದ. ಖತೀಜಾ ನಡುವೆ ಬಂದು ನಿಂತಳು.

‘ಇವರ ಮಾತು ನಂಬ್ಬೇಡಿ. ನನ್ನ ಮಾತೂ ನಂಬ್ಬೇಡಿ’ ಎಂದಳು ಕೆಂಚಮ್ಮ. ‘ಒಂದು ಕರಿ ಗಡಿಗೆ, ಬಿಸಿನೀರು ಕೊಡಿ. ನೀವೇ ತೊಳೀರಿ.’

ಪಕ್ಕದ ಮನೆಯ ಮುದುಕಿಯೊಬ್ಬಳು ಗಡಿಗೆ ತಂದಳು. ಕೆಂಚಮ್ಮ ಕಲ್ಲನ್ನು ಮುಟ್ಟಲಿಲ್ಲ. ಊರಿನ ಪಟೇಲರೇ ತೋಳು ಮಡಚಿ ಉಜ್ಜಿ ತೊಳೆದರು. ನೀರು ಬಗ್ಗಿಸಿದ ಮೇಲೆ ತಳ ನೋಡಲು ಜನ ಒಬ್ಬರ ಮೇಲೊಬ್ಬರು ಬಿದ್ದರು. ಕೆಂಚಮ್ಮ ಗಡಿಗೆಯನ್ನು ಕೈಯಿಂದ ಕೈಗೆ ದಾಟಿಸಿದಳು. ಎಲ್ಲರೂ ನೋಡಿ ತಲೆಯೆತ್ತುವ ಹೊತ್ತಿಗೆ ಚೆಲುವಯ್ಯನ ಗಾಡಿ ಕ್ಲೋಸ್‌ಪೇಟೆಯ ರಸ್ತೆ ಹಿಡಿದಿತ್ತು. ಹುಡುಗರು ಅಟ್ಟಿಸಿಕೊಂಡು ಹೋಗಿ ಹಿಡಿದು ತಂದರು.

ಇಲ್ಲಿಗೆ ಮುಗಿಯಿತೆಂದು ಕೆಂಚಮ್ಮ ಅಂದುಕೊಂಡಳು. ಮುಗಿಯಲಿಲ್ಲ. ಹತ್ತು ದಿನದ ಮೇಲೆ ಅಮಲ್ದಾರರು ಹೊಂಗನೂರಿನ ಚಾವಡಿಯಲ್ಲಿ ವಿಚಾರಣೆ ಇಟ್ಟಿದ್ದಾರೆಂದು, ಮುನಿಶಾಮಯ್ಯ ಹಾಜರಾಗಬೇಕೆಂದು ಕರೆ ಬಂತು. ಸಾಕ್ಷಿಯಾಗಿ ಅಲ್ಲ, ಆಪಾದಿತನಾಗಿ. ಕ್ರಾಲಿ ಬೆಂಗಳೂರಿನಿಂದ ಸರ್ಕಾರಕ್ಕೆ ಕಾಗದ ಬರೆದಿದ್ದನಂತೆ. ತನಗೇನೂ ತಿಳಿಯದ ಈ ಮೋಸವೆಲ್ಲ ಚೆಲುವಯ್ಯ ಮತ್ತು ಮುನಿಶಾಮಯ್ಯ ಸೇರಿ ಮಾಡಿದ್ದೆಂದು, ತಾನು ತನ್ನ ಲೋಹಶಾಸ್ತ್ರಜ್ಞನ ವರದಿಯನ್ನು ನಂಬಿ ಕೆಟ್ಟೆನೆಂದು. ಕರೆ ತಂದ ಶಾನುಭೋಗರು ಅದನ್ನು ಓದಿ ಹೇಳಿದಾಗ ಮುನಿಶಾಮಯ್ಯ, ‘ಲೋಹಶಾಸ್ತ್ರಜ್ಞ ಅಂತ ಬರ್ದವ್ನಾ?’ ಎಂದು ಕೇಳಿದ. ಹೌದೆಂದರು. ಮುನಿಶಾಮಯ್ಯ ಗೋಡೆ ಕಡೆ ತಿರುಗಿ ಮಲಗಿಬಿಟ್ಟ.

ಕೆಂಚಮ್ಮ ಆಗ ಅತ್ತೆಗೆ ಗೋಂದಿನ ಮಾತನ್ನು ಹೇಳಿದಳು. ಬೋರಮ್ಮ ಎರಡು ಸಲ ಕೇಳಿ ತಿಳಿದುಕೊಂಡಳು. ಬುತ್ತಿ ಕಟ್ಟಿಸಿಕೊಂಡು, ಸೊಸೆಯ ಭುಜ ಹಿಡಿದು ಕುಲುಮೆಗೆ ನಡೆದಳು. ಮರಿಯಪ್ಪ ಒಬ್ಬನೇ ಕೂತು ತಂತಿ ಎಳೆಯುತ್ತಿದ್ದ. ತಾಯಿ ಬುತ್ತಿಯನ್ನು ಅವನ ಮುಂದಿಟ್ಟಳು.

‘ಕಲ್ಲಿಗೆ ಗೋಂದು ಹಚ್ಚೋದು ಎಲ್ಲಿ ನೋಡ್ದೆ ಮಗಾ?’

ಅವನು ತಂತಿ ಎಳೆಯುತ್ತಲೇ ಇದ್ದ. ತಾಯಿಯೂ ಅಲ್ಲಿಂದ ಕದಲಲಿಲ್ಲ. ಕೊನೆಗೆ ಅವನು ಇಕ್ಕಳ ಕೆಳಗಿಟ್ಟು, ಕ್ಲೋಸ್‌ಪೇಟೆಯ ಮುಸಾಫಿರಖಾನೆಯಲ್ಲಿ ನೋಡಿದೆನೆಂದ. ಮೂರನೆಯ ಚೀಲ ತರಲು ಹೋದಾಗ ಚೆಲುವಯ್ಯ ಕಲ್ಲಿಗೆ ಕುಂಚದಿಂದ ಬಳಿಯುತ್ತಿದ್ದ, ದೊರೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಎಲ್ಲಿ ಬಳಿಯಬೇಕೆಂದು ತೋರಿಸುತ್ತಿದ್ದ. ಕಲ್ಲು ಉದುರದಿರಲೆಂದು ಗೋಂದು ಎಂದರು.

‘ಕೇಳ್ನಿಲ್ಲ ಕಣವ್ವ. ಕೇಳಿದ್ರೆ ಏಜೆಂಟಗಿರಿ ಹೋಯ್ತದೆ ಅಂತ ಸುಮ್ಕಾದೆ. ಈಗ ಹೇಳಿದ್ರೆ ನಾನೂ ಒಳಗೆ ಹೋಗ್ಬೇಕಾಯ್ತದೆ.’

‘ಹೇಳ್ದೆ ಇದ್ರೆ ಅವನು ಹೋಯ್ತಾನೆ’ ಎಂದಳು ಬೋರಮ್ಮ. ‘ಅವನ ಎದೆ ನೋಡಿದ್ದೀಯಾ? ಜೈಲಿನಾಗೆ ಒಂದು ತಿಂಗಳು ಬದುಕಾಕಿಲ್ಲ. ಒಬ್ಬನು ಹೋದ್ರೂ ಇನ್ನೊಬ್ಬ ಇದ್ದಾನೆ ಅಂತ ನಾನು ಸಮಾಧಾನ ಮಾಡ್ಕೊಳ್ಳೋಳಲ್ಲ. ಉಣ್ಣು. ಉಂಡು ಯೋಚ್ನೆ ಮಾಡು.’

ದಾರಿಯಲ್ಲಿ ಮುದುಕಿ ಅಳುತ್ತ ಬಂದಳು. ಕೆಂಚಮ್ಮನ ಕಣ್ಣಲ್ಲಿ ನೀರು ಬರಲಿಲ್ಲ.

ವಿಚಾರಣೆಯ ದಿನ ಚಾವಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚೆಲುವಯ್ಯ ತಾನು ಬರೀ ಆಳು, ಕಲ್ಲಿನ ವಿಷಯ ಮುನಿಶಾಮಯ್ಯನಿಗೇ ಗೊತ್ತು ಎಂದು ಹೇಳಿ ದೊರೆಯ ಹೆಸರನ್ನೇ ಎತ್ತಲಿಲ್ಲ. ಮುನಿಶಾಮಯ್ಯ ಹೇಳಿದ್ದನ್ನು ಗುಮಾಸ್ತ ಬರೆದುಕೊಂಡ. ಮೊಹರು ನೋಡಿ ನಂಬಿದೆ ಎಂಬುದಕ್ಕೆ ಸಾಕ್ಷಿಯೇನು ಎಂದು ಅಮಲ್ದಾರರು ಕೇಳಿದಾಗ ಅವನು, ನನ್ನ ಮಾತೊಂದೇ ಎಂದ.

ಆಗ ಮರಿಯಪ್ಪ ಎದ್ದು ಮುಂದೆ ಬಂದ. ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಮುಸಾಫಿರಖಾನೆಯಲ್ಲಿ ಕಂಡದ್ದನ್ನೆಲ್ಲ ಹೇಳಿದ. ಕುಂಚ, ಗೋಂದಿನ ಬಟ್ಟಲು, ದೊರೆಯ ಕುರ್ಚಿ, ಯಾವುದನ್ನೂ ಬಿಡಲಿಲ್ಲ. ಗೊತ್ತಿದ್ದೂ ಷೇರು ಮಾರಿದೆಯಾ ಎಂದು ಕೇಳಿದ್ದಕ್ಕೆ, ಕೊನೆಯ ಎಂಟು ದಿನ ಗೊತ್ತಿದ್ದೂ ಮಾರಿದೆ ಎಂದ. ಕೆರೆ ಕೆಳಗಿನ ಗದ್ದೆ ಮಾರಿ, ತಾನು ರಸೀದಿ ಕೊಟ್ಟವರಿಗೆಲ್ಲ ಹಿಂದಕ್ಕೆ ಕೊಡುತ್ತೇನೆಂದ. ಹೊಂಗನೂರಿನ ನಂಟರು ಉಗಿದರು. ಕೆಲವರು ಎದ್ದು ಹೊಡೆಯಲು ಬಂದರು, ಪಟೇಲರು ತಡೆದರು. ಮುನಿಶಾಮಯ್ಯ ಅಣ್ಣನ ಪಕ್ಕಕ್ಕೆ ಹೋಗಿ ನಿಂತ.

ಮುಸಾಫಿರಖಾನೆಯ ಕಾವಲುಗಾರನನ್ನು ಕರೆಸಿ ಕೇಳಿದರು. ಅವನೂ ಅದನ್ನೇ ಹೇಳಿದ. ಚೆಲುವಯ್ಯ ಬೆವರಿ, ಆಮೇಲೆ ಒಪ್ಪಿಕೊಂಡ. ಸಾಯಂಕಾಲದ ಹೊತ್ತಿಗೆ ಅಮಲ್ದಾರರು ಚೆಲುವಯ್ಯನನ್ನು ಪೊಲೀಸರಿಗೆ ಒಪ್ಪಿಸಿ, ಮರಿಯಪ್ಪನಿಂದ ದುಡ್ಡು ಹಿಂದಿರುಗಿಸುವ ಮುಚ್ಚಳಿಕೆ ಬರೆಸಿಕೊಂಡರು. ಮುನಿಶಾಮಯ್ಯನ ಮೇಲೆ ತಪ್ಪಿಲ್ಲ, ಮನೆಗೆ ಹೋಗಬಹುದು ಎಂದರು. ಕ್ರಾಲಿ ದೊರೆಯ ವಿಷಯ ಪಟೇಲರು ಕೇಳಿದರು. ಕಾಗದ ಬರೆದ ಮರುದಿನವೇ ಅವನು ಬೊಂಬಾಯಿಗೆ ಹೋಗಿ ಹಡಗು ಹತ್ತಿದ್ದಾನೆ, ಈಗ ಅವನು ಯಾರ ಕೈಗೂ ಸಿಗುವುದಿಲ್ಲ ಎಂದು ಹೇಳಿ ಅಮಲ್ದಾರರು ಕನ್ನಡಕ ತೆಗೆದು ಮಡಚಿದರು. ಗುಮಾಸ್ತ ಕಾಗದಗಳನ್ನು ಜೋಡಿಸತೊಡಗಿದ.

ಜನ ಎದ್ದರು. ಕೆಂಚಮ್ಮ ಏಳಲಿಲ್ಲ.

‘ಬುದ್ಧಿ, ಇವರ ಮೇಲೆ ತಪ್ಪಿಲ್ಲ ಅಂದ್ರಿ’ ಎಂದಳು. ‘ಯಾರ ಮೇಲೈತೆ ಅಂತ ಬರೆಸ್ನಿಲ್ಲ.’

ಚೆಲುವಯ್ಯನ ಮೇಲೆ ಬರೆದಾಗಿದೆ ಎಂದ ಗುಮಾಸ್ತ.

‘ಕುಂಚ ಹಿಡ್ದೋನ್ದು ಬರುದ್ರಿ. ತೋರಿಸ್ದೋನ್ದು ಬರೀನಿಲ್ಲ.’

ಗುಮಾಸ್ತ ಅಮಲ್ದಾರರ ಮುಖ ನೋಡಿದ. ಊರಲ್ಲೇ ಇಲ್ಲದವನ ಹೆಸರು ಬರೆದು ಆಗುವುದೇನಮ್ಮ, ಅವನನ್ನು ತಂದು ನಿಲ್ಲಿಸುವವರು ಯಾರು ಎಂದು ಅಮಲ್ದಾರರು ಸಮಾಧಾನದಿಂದಲೇ ಹೇಳಿದರು.

‘ಅವನು ಬರಾಕಿಲ್ಲ, ನಂಗೂ ಗೊತ್ತೈತೆ. ನನ್ನ ಗಂಡನ ಹೆಸರು ಕಳ್ಳ ಅಂತ ಬರ್ಯಾಕೆ ಸಾಕ್ಷಿನೇ ಬೇಕಾಗಿರ್ನಿಲ್ಲ. ಇಲ್ಲಿ ಇಬ್ಬರು ಕಣ್ಣಾರೆ ಕಂಡಿದ್ದು ಹೇಳವ್ರೆ. ಬರ್ಕೊಳ್ಳಿ ಬುದ್ಧಿ. ಬರೆಯೋಗಂಟ ನಾನು ಎದ್ದೋಗಾಕಿಲ್ಲ.’

ಹೊರಡಲು ಎದ್ದಿದ್ದವರು ಬಾಗಿಲಲ್ಲೇ ನಿಂತರು. ಖತೀಜಾ ಬಂದು ಅವಳ ಪಕ್ಕ ಕೂತಳು. ಆಮೇಲೆ ಗಡಿಗೆ ಕೊಟ್ಟಿದ್ದ ಮುದುಕಿ ಕೂತಳು. ಅಮಲ್ದಾರರು ಆ ಹೆಂಗಸರನ್ನು ನೋಡಿ, ಕನ್ನಡಕವನ್ನು ಮತ್ತೆ ಹಾಕಿಕೊಂಡು ಗುಮಾಸ್ತನಿಗೆ ಬರೆಯಲು ಸನ್ನೆ ಮಾಡಿದರು. ಅವನು ಮಸಿಯಲ್ಲಿ ಲೇಖನಿ ಅದ್ದಿ ಬರೆದ.

‘ಓದಿ ಹೇಳಿ’ ಎಂದಳು ಕೆಂಚಮ್ಮ.

ಅವನು ಓದಿದ. ಕ್ರಾಲಿ ಎಂಬ ದೊರೆ ಪಕ್ಕದಲ್ಲಿ ಕೂತು ತೋರಿಸಿ ಕಲ್ಲಿಗೆ ಚಿನ್ನ ಬಳಿಸಿದನೆಂದೂ, ಕಂಡವರು ಇಂಥಿಂಥವರೆಂದೂ ಅದರಲ್ಲಿತ್ತು. ಅವಳು ಪೂರ್ತಿ ಕೇಳಿಸಿಕೊಂಡು, ನೆಲಕ್ಕೆ ಕೈಯೂರಿ ಎದ್ದಳು.